ಒಂದೇ ಮುಖಕ್ಕೆ ಬಣ್ಣ ಹಚ್ಚಿದೆ, ಗೋಡೆ ಬಿಲ್ಲಿನಂತೆ ಬಾಗಿತು. ಮೊದಲು ಬಣ್ಣವೋ, ಜೋಡಣೆಯೋ?

ಹೊಸಕುಂಚ
ಎಲ್ಲರಿಗೂ ನಮಸ್ಕಾರ. ಮರದ ಮಾದರಿ ಕಟ್ಟಡದ ಕಿಟ್, ಎರಡಂತಸ್ತಿನ ಉಗ್ರಾಣ, 1:87 ಅಳತೆ (ನಿಜದ ಕಟ್ಟಡದ 87ರಲ್ಲಿ ಒಂದು ಪಾಲು). ಗೋಡೆಗಳು 1.5 ಮಿ.ಮೀ. ಬಾಸ್‌ವುಡ್ (ಹಗುರವಾದ ಮೆದು ಮರ), ಅಡ್ಡಡ್ಡ ಹಲಗೆ ಜೋಡಿಸಿದಂತೆ ಕಾಣಲು ಗೆರೆ ಕೊರೆದಿದ್ದಾರೆ. ನೆಲ ಮತ್ತು ಒಳಗಿನ ಅಡ್ಡಗೋಡೆ 3 ಮಿ.ಮೀ. ಬರ್ಚ್ ಪ್ಲೈ. ಎಲ್ಲವೂ ಲೇಸರ್‌ನಲ್ಲಿ ಕತ್ತರಿಸಿದ್ದು.

ದೊಡ್ಡ ಗೋಡೆಯ (180 × 90 ಮಿ.ಮೀ.) ಹೊರಮುಖಕ್ಕೆ ನೀರಿನ ಅಕ್ರಿಲಿಕ್ ಎರಡು ಕೋಟ್ ಹಚ್ಚಿದೆ. ಬೆಳಿಗ್ಗೆ ನೋಡಿದರೆ ಬಣ್ಣದ ಕಡೆಗೆ ಬಾಗಿದೆ, ನಡುವೆ 3 ಮಿ.ಮೀ. ತಗ್ಗು. ಮೇಲ್ಮೈ ಕೂಡ ಎರಡು ದಿನದ ಗಡ್ಡದ ಹಾಗೆ ಒರಟು. ಇದನ್ನು ನೆಟ್ಟಗೆ ಮಾಡಬಹುದಾ? ಮಿಕ್ಕ ಮೂರು ಗೋಡೆಗೆ ಏನು ಮಾಡಲಿ? ಜೋಡಿಸಿದ ಮೇಲೆಯೇ ಬಣ್ಣ ಹಚ್ಚಬೇಕಿತ್ತಾ?

ಅವಸರದಾಚಾರಿ
ಮೊದಲು ಜೋಡಿಸಿಬಿಡಿ. ನಾಲ್ಕು ಗೋಡೆ ಒಂದನ್ನೊಂದು ಹಿಡಿದುಕೊಂಡರೆ ಬಾಗೋಕೆ ಜಾಗ ಎಲ್ಲಿದೆ?

ಮೂಲೆಮಟ್ಟ
ಗೋಡೆ ಕೆಟ್ಟಿಲ್ಲ, ಎಸೆಯಬೇಡಿ. ಆಗಿದ್ದಿಷ್ಟು. ನೀರು ಕುಡಿದ ಮುಖ ಹಿಗ್ಗಲು ನೋಡಿತು, ಹಿಂದಿನ ಒಣ ಮುಖ ಬಿಡಲಿಲ್ಲ. ನೆನೆದು ಮೆತ್ತಗಾಗಿದ್ದ ನಾರು ಇದ್ದಲ್ಲೇ ಅಮುಕಿಕೊಂಡಿತು. ಒಣಗಿದಾಗ ಅದು ಮೊದಲಿಗಿಂತ ಒಂದು ಕೂದಲಷ್ಟು ಕಿರಿದಾಯಿತು, ಮೇಲಿನ ಬಣ್ಣದ ಪೊರೆಯೂ ಕುಗ್ಗಿತು. ಎರಡೂ ಸೇರಿ ತಮ್ಮ ಕಡೆಗೆ ಎಳೆದವು.

ಇನ್ನೊಂದು ವಿಷಯ. ಮರ ನಾರಿನುದ್ದಕ್ಕೆ ಹೆಚ್ಚುಕಮ್ಮಿ ಅಲುಗುವುದೇ ಇಲ್ಲ. ಹಸಿಯಿಂದ ಪೂರ್ತಿ ಒಣಗುವವರೆಗೆ ಶೇ. 0.1ರಿಂದ 0.2, ಅಷ್ಟೇ. ನಾರಿಗೆ ಅಡ್ಡಲಾಗಿ ಬಾಸ್‌ವುಡ್, ಹಲಗೆ ಸೀಳಿದ ದಿಕ್ಕು ನೋಡಿಕೊಂಡು, ಶೇ. 6.6ರಿಂದ 9.3ರವರೆಗೆ ಕುಗ್ಗುತ್ತದೆ. ನಿಮ್ಮ ಗೋಡೆಯಲ್ಲಿ ನಾರು ಗೆರೆಗಳ ಜೊತೆಗೇ ಓಡುತ್ತಿದ್ದರೆ 180ರ ಉದ್ದ ನೆಟ್ಟಗಿರಬೇಕು, 90ರ ಎತ್ತರ ಮಾತ್ರ ಬಾಗಿರಬೇಕು. ಹೌದೋ ಅಲ್ಲವೋ ನೋಡಿ ಹೇಳಿ.

ಹೊಸಕುಂಚ
@ಮೂಲೆಮಟ್ಟ ಸರ್, ಅಳತೆಪಟ್ಟಿ ಇಟ್ಟು ನೋಡಿದೆ. ಉದ್ದಕ್ಕೆ ನೆಟ್ಟಗಿದೆ, ಎತ್ತರಕ್ಕೆ ಮಾತ್ರ ಬಾಗಿದೆ.

ಮೂಲೆಮಟ್ಟ
ಹಾಗಾದರೆ ಮದ್ದು ಸುಲಭ. ಹಿಂಬದಿಗೂ ಅದೇ ಬಣ್ಣ, ಅಷ್ಟೇ ಕೋಟ್. ಹಚ್ಚಿದ ಐದು ನಿಮಿಷಕ್ಕೆ ಇನ್ನೂ ಜಾಸ್ತಿ ಬಾಗುತ್ತದೆ, ಯಾಕೆಂದರೆ ಈಗ ಹಿಗ್ಗುವ ಸರದಿ ಹಿಂಬದಿಯದು. ಗಾಬರಿ ಬಿದ್ದು ಒರೆಸಬೇಡಿ. ಕೈಗೆ ಅಂಟದಷ್ಟು ಆರಿದ ಮೇಲೆ, ಸುಮಾರು 20–30 ನಿಮಿಷಕ್ಕೆ, ಎರಡು ಕಡೆಗೂ ಬೇಕಿಂಗ್ ಪೇಪರ್ ಇಟ್ಟು ಎರಡು ಗಾಜಿನ ನಡುವೆ ಸೇರಿಸಿ, ಮೇಲೆ 2–3 ಕೆ.ಜಿ. ತೂಕ ಹೇರಿ. 24 ಗಂಟೆ ಮುಟ್ಟಬೇಡಿ.

ಉಳಿಪೆಟ್ಟು
ಅಲ್ರಿ ಮೂಲೆಮಟ್ಟ, ಗಾಜು ಎರಡೂ ಕಡೆ ಇಟ್ರ ನೀರು ಹೋಗೋದು ಎಲ್ಲಿಗೆ? ಒಳಗ ಹಸಿ ಉಳೀತದ, ತಗದ ತಾಸಿನಾಗ ಮತ್ತ ಡೊಂಕ. ಗಾಜು ಬ್ಯಾಡ್ರಿ, ಸಪಾಟ ಇರೋ ಮರದ ಹಲಗಿ ಹಾಕ್ರಿ. ಬೇಕಿಂಗ್ ಪೇಪರಿನ ಹಿಂದ ಎರಡು ಪದರ ಹೀರೋ ಕಾಗದ ಇಡ್ರಿ. ಮೊದಲ ಮೂರು ತಾಸು, ತಾಸಿಗೊಮ್ಮೆ ಕಾಗದ ಬದಲಿ ಮಾಡ್ರಿ. ಆಮ್ಯಾಲೆ ರಾತ್ರಿಯೆಲ್ಲಾ ಬಿಡ್ರಿ.

ಮೂಲೆಮಟ್ಟ
ಒಪ್ಪಿದೆ. ಹೀರುವ ಕಾಗದ ಇದ್ದರೆ ಒಳ್ಳೆಯದು. ಗಾಜೇ ಇರುವವರು ನಡುನಡುವೆ ಎತ್ತಿ ಗಾಳಿಯಾಡಿಸಿ.

ಬಣ್ಣದಡಬ್ಬಿ
@ಅವಸರದಾಚಾರಿ ನಾಲ್ಕು ಗೋಡೆ ಮೂಲೆಯಲ್ಲಿ ಮಾತ್ರ ಹಿಡಿದುಕೊಳ್ಳುತ್ತವೆ. ನಡುವೆ 180 ಮಿ.ಮೀ. ಖಾಲಿ, ಅಲ್ಲಿ ಹೊಟ್ಟೆ ಒಳಗೆ ಹೋಗೇ ಹೋಗುತ್ತದೆ. ಜೋಡಿಸಿದ ಮೇಲೆ ಬಾಗಿದರೆ ತೂಕ ಹೇರುವುದಕ್ಕೂ ಆಗುವುದಿಲ್ಲ. ಅದೂ ಅಲ್ಲದೆ ಕಿಟಕಿ ಚೌಕಟ್ಟು ಬಿಳಿ, ಗೋಡೆ ಇಟ್ಟಿಗೆ ಬಣ್ಣ ಅಂದರೆ ಕೂರಿಸಿದ ಮೇಲೆ ಅರ್ಧ ಮಿ.ಮೀ. ಅಂಚಿನಲ್ಲಿ ಕುಂಚ ಹೇಗೆ ಓಡಿಸುತ್ತೀರಿ?

ಅವಸರದಾಚಾರಿ
ಮಾಸ್ಕಿಂಗ್ ಟೇಪ್ ಅಂತ ಒಂದಿದೆ ಗುರು.

ಬಣ್ಣದಡಬ್ಬಿ
ಗೆರೆ ಕೊರೆದ ಗೋಡೆ ಮೇಲೆ ಟೇಪ್ ಹಾಕಿದರೆ ಪ್ರತಿ ಗೆರೆಯೊಳಗೂ ಬಣ್ಣ ನುಸುಳುತ್ತದೆ, ಗುರು.

ಅಂಟುಪುರಾಣ
ಇದು ಬಣ್ಣ ಮೊದಲೋ ಜೋಡಣೆ ಮೊದಲೋ ಅನ್ನುವ ಜಗಳವೇ ಅಲ್ಲ. ಬಿಡಿ ಭಾಗಕ್ಕೆ ಬಣ್ಣ ಹಚ್ಚಿ, ಆದರೆ ಅಂಟು ಕೂರುವ ಜಾಗ ಬರಿಮರವಾಗಿಯೇ ಇರಲಿ. ಬಿಳಿ ಅಂಟು (ಪಿವಿಎ) ಮರದ ನಾರಿನೊಳಗೆ ಇಳಿದು ಹಿಡಿಯುವಂಥದ್ದು. ಬಣ್ಣದ ಮೇಲೆ ಹಾಕಿದರೆ ಅಂಟು ಬಣ್ಣವನ್ನು ಹಿಡಿಯುತ್ತದೆ, ಬಣ್ಣ ಮರವನ್ನು ಹಿಡಿದಿರುತ್ತದೆ. ಜೋರಾಗಿ ಒತ್ತಿದರೆ ಬಣ್ಣದ ಪೊರೆ ಸಮೇತ ಕಿತ್ತು ಬರುತ್ತದೆ.

ನಿಮ್ಮ ಗೋಡೆಗೆ: ಒಳಮುಖದ ಎರಡೂ ಪಕ್ಕದ ಅಂಚಿಗೆ 3 ಮಿ.ಮೀ. ಅಗಲದ ಟೇಪ್, ಬುಡದಲ್ಲಿ ನೆಲದ ಹಲಗೆ ತಾಗುವ ಜಾಗಕ್ಕೆ ಇನ್ನೊಂದು. ಒಳಮುಖ ಸಪಾಟು, ಅಲ್ಲಿ ನುಸುಳುವ ಭಯವಿಲ್ಲ. ಅಂಚಿನಿಂದ ಚಾಚಿದ ನಾಲಗೆಗಳಿಗೆ ಮತ್ತು ಅವು ಕೂರುವ ಕಚ್ಚುಗಳಿಗೆ (ಸೀಳುತೂತು) ಬಣ್ಣ ಬೇಡವೇ ಬೇಡ.

ತುಂಟಬೆರಳು
ಕಚ್ಚಿಗೆ ಬಣ್ಣ ಹೋದರೆ ಏನು ಮಹಾ ಆಗುತ್ತೆ?

ಅಂಟುಪುರಾಣ
ಕೂರುವುದಿಲ್ಲ. ಒಂದು ಕೋಟ್ ಅಂದರೆ ಮುಖಕ್ಕೆ ಸುಮಾರು 0.05 ಮಿ.ಮೀ. ಎರಡು ಕೋಟ್, ನಾಲಗೆಯ ಎರಡೂ ಮುಖ, ಒಟ್ಟು 0.2. ಲೇಸರ್ ಕಚ್ಚಿನಲ್ಲಿ ಇರುವ ಸಡಿಲವೇ ಅಷ್ಟು, ಕೆಲವು ಕಿಟ್‌ಗಳಲ್ಲಿ ಅದೂ ಇರುವುದಿಲ್ಲ. 3 ಮಿ.ಮೀ. ಅಂತ ಬರೆದ ಪ್ಲೈ 2.7ರಿಂದ 3.2ರವರೆಗೆ ಏನು ಬೇಕಾದರೂ ಇರಬಹುದು. ಕ್ಯಾಲಿಪರ್ ಇದ್ದರೆ ಅಳೆದು ನೋಡಿ. ಬಲವಂತವಾಗಿ ತುರುಕಿದರೆ ಮುರಿಯುವುದು ನಾಲಗೆಯಲ್ಲ, ಕಚ್ಚಿನ ಪಕ್ಕದ ತೆಳು ಸೇತುವೆ. ಬಿಗಿ ಅನ್ನಿಸಿದರೆ ನಾಲಗೆಯನ್ನು 320ರ ಸ್ಯಾಂಡ್‌ಪೇಪರಿನಲ್ಲಿ (ನಂಬರ್ ಹೆಚ್ಚಿದಷ್ಟೂ ನುಣುಪು) ಎರಡು ಸಲ ಉಜ್ಜಿ, ಮತ್ತೆ ಒಣಜೋಡಣೆ ಮಾಡಿ ನೋಡಿ. ಒಣಜೋಡಣೆ ಅಂದರೆ ಅಂಟಿಲ್ಲದೆ ಇಡೀ ಕಟ್ಟಡ ಒಮ್ಮೆ ನಿಲ್ಲಿಸುವುದು, ಎರಡು ಗೋಡೆ ಸೇರಿಸಿ "ಸರಿಯಿದೆ" ಅನ್ನುವುದಲ್ಲ.

ಸಣ್ಣಮನೆ87
"ಗಡ್ಡ"ದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ ಮಾರಾಯ್ರೆ!

ಅದು ನೀರಿಗೆ ಎದ್ದು ನಿಂತ ನಾರಿನ ತುದಿಗಳು. ಬಣ್ಣ ಅವನ್ನು ನಿಂತಲ್ಲೇ ಗಟ್ಟಿ ಮಾಡಿದೆ. ಮೊದಲ ಕೋಟ್ ಪೂರ್ತಿ ಒಣಗಿದ ಮೇಲೆ 400ರ ಸ್ಯಾಂಡ್‌ಪೇಪರಿನಲ್ಲಿ ನಾರಿನ ದಿಕ್ಕಿಗೇ ಹಗುರವಾಗಿ ಸವರಿ, ಮೆತ್ತನೆ ಕುಂಚದಲ್ಲಿ ಪುಡಿ ತೆಗೆದು, ಆಮೇಲೆ ಎರಡನೇ ಕೋಟ್. ಬೆರಳ ತುದಿಯ ಒತ್ತಡ ಸಾಕು. ಗಟ್ಟಿ ಉಜ್ಜಿದರೆ ಹಲಗೆಯ ಗೆರೆ ಮಾಯವಾಗಿ ಗೋಡೆ ರಟ್ಟಿನ ಹಾಗೆ ಕಾಣುತ್ತದೆ. ಗೆರೆಯೊಳಗೆ ಸೇರಿದ ಪುಡಿಯನ್ನು ಬಿಟ್ಟರೆ ಎರಡನೇ ಕೋಟಿನಲ್ಲಿ ಅದೇ ಗಂಟುಗಂಟಾಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉದ್ದಕ್ಕೆ ಎಳೆಯಿರಿ.

ಉಳಿಪೆಟ್ಟು
ಬಡಗಿಗಳು ಇದಕ್ಕ ಮೊದಲೇ ಮರಕ್ಕ ಒದ್ದಿ ಅರಬಿ ಸವರಿ ನಾರು ಎಬ್ಬಿಸಿ, ಉಪ್ಪುಕಾಗದ ಹಾಕಿ ತಿಕ್ಕತಾರ. ಆದ್ರ 1.5 ಮಿ.ಮೀ. ಹಲಗಿಗೆ ಆ ಉಪದ್ವ್ಯಾಪ ಬ್ಯಾಡ, ಅದೂ ಬಾಗತದ.

ಬಣ್ಣದಡಬ್ಬಿ
ಮಿಕ್ಕ ಮೂರು ಗೋಡೆಗೆ ನನ್ನ ಮಾತು: ನೀರಿನ ಬಣ್ಣ ಬರಿಮರಕ್ಕೆ ತಾಗಲೇಬಾರದು. ಮೊದಲು ಸೀಲರ್, ಅಂದರೆ ಮರ ನೀರು ಹೀರದಂತೆ ತಡೆಯುವ ಲೇಪ. ಅದಕ್ಕೆ ಮೂರು ದಾರಿ ಇವೆ.

ಅರಗಿನಿಂದ ಮಾಡುವ ಶೆಲ್ಯಾಕ್ ಎಲ್ಲಕ್ಕಿಂತ ಉತ್ತಮ. ಅದರ ದ್ರಾವಕ ಸ್ಪಿರಿಟ್, ನೀರಲ್ಲ, ಹಾಗಾಗಿ ನಾರು ಅಷ್ಟಾಗಿ ಏಳುವುದಿಲ್ಲ, ಮರ ಅಷ್ಟಾಗಿ ಬಾಗುವುದಿಲ್ಲ. ಮೇಣ ತೆಗೆದ ಬಗೆಯದ್ದೇ ಬೇಕು. ಮೇಣ ಇದ್ದರೆ ಮೇಲಿನ ಬಣ್ಣ ಸರಿಯಾಗಿ ಕೂರುವುದಿಲ್ಲ. ರೆಡಿಮೇಡ್ ಡಬ್ಬಿಯದ್ದು ದಪ್ಪ, ಸಮಸಮ ಸ್ಪಿರಿಟ್ ಬೆರೆಸಿ ತೆಳು ಮಾಡಿ. 10–12 ಮಿ.ಮೀ. ಚಪ್ಪಟೆ ಕುಂಚದಲ್ಲಿ ಒಂದೇ ಎಳೆತ, ಹಿಂದೆ ಬಂದು ತಿದ್ದಬೇಡಿ, ಅರೆ ಒಣಗಿದ ಮೇಲೆ ಕುಂಚ ಆಡಿಸಿದರೆ ಎಳೆಎಳೆ ಎದ್ದು ಬರುತ್ತದೆ. ಹೊರಗೊಂದು, ಒಳಗೊಂದು ಕೋಟ್, ನಡುವೆ ಹೆಚ್ಚು ಹೊತ್ತು ಬಿಡದೆ. ಕತ್ತರಿಸಿದ ಅಡ್ಡ ತುದಿಗೆ ಎರಡು ಸಲ, ಅಲ್ಲಿ ಮರ ಹೀರುವುದು ಜಾಸ್ತಿ. ಒಂದು ಗಂಟೆ ಬಿಟ್ಟು 400ರಲ್ಲಿ ಸವರಿದರೆ ಬಣ್ಣಕ್ಕೆ ತಯಾರು.

ಎರಡನೆಯದು ಸ್ಯಾಂಡಿಂಗ್ ಸೀಲರ್. ಕೆಲಸ ಮಾಡುತ್ತದೆ, ದಪ್ಪವಾದರೆ ಗೆರೆ ತುಂಬಿಬಿಡುತ್ತದೆ. ಮೂರನೆಯದು ಸ್ಪ್ರೇ ಪ್ರೈಮರ್: 20–25 ಸೆಂ.ಮೀ. ದೂರದಿಂದ, ಗೋಡೆಯ ಅಂಚಿನ ಆಚೆ ಶುರು ಮಾಡಿ ಅಂಚಿನ ಆಚೆಯೇ ನಿಲ್ಲಿಸಿ, ಎರಡೂ ಮುಖಕ್ಕೆ. ಹತ್ತಿರ ಹಿಡಿದರೆ ಸೋರುತ್ತದೆ, ತೀರಾ ದೂರವಾದರೆ ಗಾಳಿಯಲ್ಲೇ ಒಣಗಿ ಮರಳು ಮರಳಾಗಿ ಬೀಳುತ್ತದೆ. ಗಾಳಿಯಾಡುವ ಜಾಗ, ಮೂಗಿಗೆ ಮಾಸ್ಕ್, ಇವೆರಡು ಬೇಕೇ ಬೇಕು.

ಸಣ್ಣಮನೆ87
ಸೀಲರ್ ಹಚ್ಚಿದ ಜಾಗಕ್ಕೂ ಬಿಳಿ ಅಂಟು ಕೂರುವುದಿಲ್ಲ ಅಂತ ಸೇರಿಸಿ. ಟೇಪ್ ಅಂಟಿಸುವುದು ಶೆಲ್ಯಾಕ್‌ಗೆ ಮುಂಚೆ, ಆಮೇಲಲ್ಲ.

ಬಣ್ಣದಡಬ್ಬಿ
ಹೌದು, ಬಿಟ್ಟುಹೋಗಿತ್ತು.

ಗೆದ್ದಲು
ಬಣ್ಣವೇ ಬೇಡ ಅನ್ನುವ ಪಂಗಡ ನಮ್ಮದು. ಹಳೆಯ ಉಗ್ರಾಣಕ್ಕೆ ಮರದ ಸಹಜ ಬೂದುಬಣ್ಣವೇ ಚೆಂದ. ಐಸೊಪ್ರೊಪೈಲ್ ಆಲ್ಕೋಹಾಲ್ 500 ಮಿ.ಲೀ.ಗೆ ಕಪ್ಪು ಇಂಡಿಯಾ ಇಂಕ್ ಎರಡು ಟೀ ಚಮಚ, ಕುಲುಕಿ ಹಚ್ಚಿ. 10–15 ನಿಮಿಷಕ್ಕೆ ಒಣಗುತ್ತದೆ. ಇನ್ನೂ ಕಪ್ಪು ಬೇಕಾದರೆ ಅದೇ ದ್ರಾವಣ ಇನ್ನೊಂದು ಸಲ ಹಚ್ಚಿ, ಇಂಕ್ ಜಾಸ್ತಿ ಸುರಿಯಬೇಡಿ. ಬಾಟಲಿಗೆ ಪ್ರತಿ ಸಲವೂ ಕುಲುಕು ಬೇಕು, ಕಪ್ಪು ತಳ ಸೇರುತ್ತದೆ.

ಅಂಟುಪುರಾಣ
ಇದನ್ನು ಮಾಡುವವರು ಅಂಟಿಗೆ ಮುಂಚೆ ಮಾಡಿ. ಅಂಟು ಬಿದ್ದ ಜಾಗ ಇಂಕ್ ಹೀರುವುದಿಲ್ಲ, ಬೆರಳಚ್ಚಿನ ಗಾತ್ರದ ಬಿಳಿ ಮಚ್ಚೆ ಉಳಿಯುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಶೆಲ್ಯಾಕ್ ಮೇಲೂ ಇದು ನಡೆಯುವುದಿಲ್ಲ, ಆಲ್ಕೋಹಾಲ್ ಶೆಲ್ಯಾಕನ್ನೇ ಕರಗಿಸಿ ಕೆಸರು ಮಾಡುತ್ತದೆ.

ಗೆದ್ದಲು
ಮ್ಯಾಟ್ ಲ್ಯಾಕರ್ ವಾರ್ನಿಷ್ ಮೇಲೆ ಹಚ್ಚಿದರೂ ಬೆಳ್ಳಗೆ ಮಂಜು ಹಿಡಿದ ಹಾಗೆ ಆಗುತ್ತದೆ. ಬಿಸಿಲಿಗೆ ಮಾಸಿದ ಬಣ್ಣ ಬೇಕು ಅನ್ನುವವರು ಬೇಕಂತಲೇ ಹಾಗೆ ಮಾಡುತ್ತಾರೆ. ಇಷ್ಟವಾಗದಿದ್ದರೆ ಅದೇ ವಾರ್ನಿಷ್ ಇನ್ನೊಂದು ಕೋಟ್ ಹೊಡೆಯಿರಿ, ಮಂಜು ಮಾಯ.

ಹೊಸಕುಂಚ
ಇಷ್ಟೊಂದು ಮಾಹಿತಿ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಎರಡು ಅನುಮಾನ. ಲೇಸರ್ ಸುಟ್ಟ ಅಂಚು ಕಪ್ಪಗಿದೆ, ಮುಟ್ಟಿದರೆ ಕೈಗೆ ಮಸಿ. ಪೂರ್ತಿ ಉಜ್ಜಬೇಕಾ? ಮತ್ತೆ ಚೌಕಟ್ಟಿನ ಶೀಟ್‌ಗೆ ಹಿಂದೆ ಅಂಟಿನ ಪದರ ಇದೆ, ಸ್ಟಿಕರ್ ತರ. ಅದಕ್ಕೆ ಬಣ್ಣ ಹೇಗೆ?

ಮೂಲೆಮಟ್ಟ
ಅಂಚು: ಎಲ್ಲ ಕಡೆ ಉಜ್ಜಿದರೆ ಅಳತೆ ತಪ್ಪುತ್ತದೆ. ಅಂಟು ಕೂರುವ ಅಂಚಿಗೆ 240ರಲ್ಲಿ ಎರಡು ಎಳೆತ ಸಾಕು. ಕಪ್ಪು ಹೋಗಿ ಕಂದು ಬಂದರೆ ನಿಲ್ಲಿಸಿ, ಬಿಳಿ ಮರ ಕಾಣುವವರೆಗೆ ಹೋಗಬೇಡಿ. ಸ್ಯಾಂಡ್‌ಪೇಪರನ್ನು ಒಂದು ಚೌಕ ಮರದ ತುಂಡಿಗೆ ಅಂಟಿಸಿಕೊಂಡು ಉಜ್ಜಿ. ಬರಿ ಬೆರಳಿನಲ್ಲಿ ಉಜ್ಜಿದರೆ ಅಂಚು ದುಂಡಗಾಗಿ ಮೂಲೆಯಲ್ಲಿ ಸಂದು ಬೀಳುತ್ತದೆ. 1:87ರಲ್ಲಿ 1 ಮಿ.ಮೀ. ಸಂದು ಅಂದರೆ ನಿಜದ ಕಟ್ಟಡದಲ್ಲಿ 8.7 ಸೆಂ.ಮೀ. ಬಿರುಕು, ಕೈ ತೂರಿಸಬಹುದು.

ಬಣ್ಣದಡಬ್ಬಿ
ಬಿಳಿ ಬಣ್ಣ ಹಚ್ಚುವ ಭಾಗವಾದರೆ ಸುಟ್ಟ ಅಂಚಿಗೆ ಶೆಲ್ಯಾಕ್ ತಪ್ಪಿಸಬೇಡಿ. ಇಲ್ಲದಿದ್ದರೆ ಆ ಮಸಿಯ ಕಂದು ನೀರಿನ ಬಣ್ಣದ ಮೂಲಕ ಒಸರಿ ಮೇಲೆ ಬರುತ್ತದೆ. ಮೂರನೇ ಕೋಟ್ ಹಚ್ಚಿದರೂ ಹಳದಿ, ನಾಲ್ಕನೆಯದಕ್ಕೂ ಹಳದಿ. ಬಣ್ಣ ಸರಿಯಿಲ್ಲ ಅಂತ ಬೈಯುವವರೇ ಜಾಸ್ತಿ.

ಸ್ಟಿಕರ್ ಚೌಕಟ್ಟು: ಶೀಟ್‌ನಿಂದ ಬಿಡಿಸದೆ, ಶೀಟ್‌ನಲ್ಲಿದ್ದಾಗಲೇ ಬಣ್ಣ ಹಚ್ಚಿ. ಕುಂಚ ತುಂಬ ಬಣ್ಣ ಅದ್ದಬೇಡಿ, ನೀರು ಕಡಿಮೆ ಇರಲಿ. ನೆನೆದರೆ ಹಿಂದಿನ ಅಂಟು ಬಿಟ್ಟುಕೊಳ್ಳುತ್ತದೆ. ತೆಳುವಾಗಿ ಎರಡು ಸಲ ಸ್ಪ್ರೇ ಆದರೆ ಇನ್ನೂ ವಾಸಿ. 24 ಗಂಟೆ ಬಿಟ್ಟು ಬಿಡಿಸಿ.

ತುಂಟಬೆರಳು
ಬಿಡಿಸುವಾಗ ಮುರಿಯದೇ ಇರೋದಕ್ಕೆ ಏನಾದ್ರೂ ಮಂತ್ರ ಇದೆಯಾ?

ಸಣ್ಣಮನೆ87
ಕೈಯಲ್ಲಿ ಅಮುಕಿ ಬಿಡಿಸಬೇಡಿ, ಅದೇ ಮಂತ್ರ. ಪ್ರತಿ ಭಾಗವೂ ಎರಡೋ ಮೂರೋ ಕಡೆ ಕೂದಲಷ್ಟು ಹಿಡಿದಿರುತ್ತದೆ. 11ನೇ ನಂಬರ್ ಬ್ಲೇಡ್ ಹಾಕಿದ ಚಾಕುವಿನಲ್ಲಿ ಹಿಂಬದಿಯಿಂದ ನೆಟ್ಟಗೆ ಒತ್ತಿ ಕತ್ತರಿಸಿ. ಮೊದಲು ನಾರಿಗೆ ಅಡ್ಡವಿರುವ ಹಿಡಿತ, ಆಮೇಲೆ ನಾರಿನುದ್ದದ್ದು. ಉಲ್ಟಾ ಮಾಡಿದರೆ ಕೊನೆಯ ಹಿಡಿತದ ಹತ್ತಿರ ಬಾಸ್‌ವುಡ್ ನಾರಿನುದ್ದಕ್ಕೆ ಸೀಳುತ್ತದೆ. ಬಿಡಿಸಿದ ತಕ್ಷಣ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ನಂಬರ್ ಬರೆಯಿರಿ. ಪೆನ್ನು ಬೇಡ, ಅದರ ಶಾಯಿ ಬಣ್ಣದ ಮೇಲೆ ತೇಲುತ್ತದೆ.

ಅವಸರದಾಚಾರಿ
ಇಷ್ಟೆಲ್ಲ ಬಿಳಿ ಅಂಟು, ತೂಕ, 24 ಗಂಟೆ ಅಂತ ಕೂತರೆ ಉಗ್ರಾಣ ಯಾವಾಗ ನಿಲ್ಲೋದು? ಸೂಪರ್ ಗ್ಲೂ ಹಾಕಿ, ಹತ್ತು ಸೆಕೆಂಡ್.

ಅಂಟುಪುರಾಣ
ಮೂರು ಕಾರಣಕ್ಕೆ ಬೇಡ. ಒಂದು, ತೆಳು ಸೂಪರ್ ಗ್ಲೂ ಬಾಸ್‌ವುಡ್‌ಗೆ ಬಿದ್ದರೆ ನಾರು ಹಿಡಿದು ಓಡಿ ಹೊರಮುಖದಲ್ಲಿ ಕಪ್ಪು ಮಚ್ಚೆಯಾಗಿ ಎದ್ದೇಳುತ್ತದೆ. ಎರಡು, ಹತ್ತು ಸೆಕೆಂಡಿನಲ್ಲಿ ಮೂಲೆ 90 ಡಿಗ್ರಿ ಇದೆಯೋ ಅಂತ ನೋಡುವುದಕ್ಕೇ ಆಗುವುದಿಲ್ಲ, ತಿದ್ದುವುದು ದೂರ. ಮೂರು, ಅದರ ಆವಿ ಕಿಟಕಿಯ ಪಾರದರ್ಶಕ ಹಾಳೆಗೆ ಬೆಳ್ಳಗೆ ಮೆತ್ತಿಕೊಳ್ಳುತ್ತದೆ. ಮುಚ್ಚಿದ ಕಟ್ಟಡದೊಳಗೆ ಒಂದು ಹನಿ ಸಾಕು, ರಾತ್ರಿ ಕಳೆಯುವುದರೊಳಗೆ ಎಲ್ಲ ಕಿಟಕಿಗೂ ಪೊರೆ. ಲೋಹದ ಸಣ್ಣ ತುಣುಕು ಅಂಟಿಸಲು ಇಟ್ಟುಕೊಳ್ಳಿ, ಅದೂ ಕಿಟಕಿ ಹಾಕುವ ಮುಂಚೆ.

ಕಿಟಕಿ ಹಾಳೆಗೆ ಬಿಳಿ ಅಂಟೇ ಸಾಕು. ಹಲ್ಲುಕಡ್ಡಿ ತುದಿಯಲ್ಲಿ ಚೌಕಟ್ಟಿನ ನಾಲ್ಕು ಮೂಲೆಗೆ ಸಾಸಿವೆಯಷ್ಟು ಚುಕ್ಕೆ.

ಅವಸರದಾಚಾರಿ
ಕಿಟಕಿ ವಿಷಯ ಒಪ್ಪಿದೆ. ಹತ್ತು ಸೆಕೆಂಡಿನ ವಿಷಯ ಒಪ್ಪಲ್ಲ.

ಉಳಿಪೆಟ್ಟು
ಮೂಲಿ ಕೂಡಸೋದು ಹೇಳತೇನಿ ನೋಡ್ರಿ. ಒಂದೇ ಸಲಕ್ಕ ನಾಕೂ ಗ್ವಾಡಿ ನಿಲ್ಲಸಬ್ಯಾಡ್ರಿ. ಎರಡೆರಡು ಕೂಡಿಸಿ ಎರಡು L ಮಾಡ್ರಿ, ಒಳಮೂಲಿಗೆ ಮೂಲೆಮಟ್ಟ (90 ಡಿಗ್ರಿ ನೋಡೋ ಸಾಧನ) ಇಟ್ಟು ಅರ್ಧ ತಾಸು ಹಿಡಿದು ಬಿಡ್ರಿ. ಒಳಗ 5 × 5 ಮಿ.ಮೀ. ಚೌಕ ಕಡ್ಡಿ ಮೂಲಿಗೆ ಅಂಟಸ್ರಿ, ಅದರ ಎರಡು ಮುಖ ಎರಡು ಗ್ವಾಡಿಗೂ ಹಿಡೀತದ. ಆಮ್ಯಾಲೆ ಎರಡು L ಕೂಡಿಸಿ ಕರ್ಣ ಅಳೀರಿ. ಎರಡೂ ಕರ್ಣ ಒಂದೇ ಬಂದ್ರ ಚೌಕ ಸರಿ ಐತಿ. ಅರ್ಧ ಮಿ.ಮೀ. ಫರಕ ಬಂದ್ರ ಉದ್ದ ಇರೋ ಕರ್ಣದ ಮೂಲಿ ಎರಡೂ ಕಡೆಯಿಂದ ಒತ್ತಿ, ಅಂಟು ಹಸಿ ಇರೋದ್ರಾಗ ಸರಿ ಮಾಡ್ರಿ. ಇಲ್ಲಿ ತಪ್ಪಿದ್ರ ಅದು ಗೊತ್ತಾಗೋದು ಮಾಡು ಕೂಡ್ರಿಸುವಾಗ.

ಮೂಲೆಮಟ್ಟ
ನನ್ನನ್ನು ಅರ್ಧ ತಾಸು ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ ಅಭ್ಯಂತರವಿಲ್ಲ. ಆದರೆ ಆಧಾರದ ಕಡ್ಡಿಗಳ ಬಗ್ಗೆ ಒಂದು ಮಾತು. ದೊಡ್ಡ ಗೋಡೆಯ ನಡುವೆಯೂ ಒಳಗಡೆ ಕಡ್ಡಿ ಬೇಕು, ಅದು ನಾರಿಗೆ ಅಡ್ಡವಾಗಿರಬೇಕು. ಇಲ್ಲಿ ನಾರು ಅಡ್ಡಕ್ಕೆ ಇರುವುದರಿಂದ ಕಡ್ಡಿ ಲಂಬವಾಗಿ, 3 × 3 ಮಿ.ಮೀ., 40–50 ಮಿ.ಮೀ.ಗೆ ಒಂದು. ಕೆಲವರು ಗೋಡೆಯ ಉದ್ದಕ್ಕೆ ಕಡ್ಡಿ ಅಂಟಿಸಿ ಆಮೇಲೂ ಬಾಗಿತು ಅನ್ನುತ್ತಾರೆ. ಬಾಗದ ದಿಕ್ಕಿಗೆ ಊರುಗೋಲು ಕೊಟ್ಟರೆ ಏನು ಪ್ರಯೋಜನ?

ಗೋಡೆ ನೆಟ್ಟಗಾದ ಮೇಲೆಯೇ ಕಡ್ಡಿ, ಡೊಂಕು ಇದ್ದಾಗಲೇ ಎಳೆದು ಅಂಟಿಸಬೇಡಿ. ಕಡ್ಡಿ ಕೂರುವ ಪಟ್ಟಿಯಲ್ಲಿ ಒಳಬಣ್ಣ ಕೆರೆದು ತೆಗೆಯಿರಿ. ಅಂಟು ತೆಳುವಾಗಿರಲಿ, ಅದರಲ್ಲೂ ನೀರೇ ಇರುವುದು. ಧಾರಾಳ ಸುರಿದರೆ ಕಡ್ಡಿಯಿಂದ ಕಡ್ಡಿಗೆ ಅಲೆ ಏಳುತ್ತದೆ.

ಗೆದ್ದಲು
ಒಳಗೆ ದೀಪ ಹಾಕುವ ಯೋಚನೆ ಇದೆಯಾ? ಇದ್ದರೆ ಒಳಬಣ್ಣ ಮ್ಯಾಟ್ ಕಪ್ಪು ಮಾಡಿ. ಮೂಲೆಯ ಸಂದಿನಲ್ಲಿ, ಸೂರಿನ ಕೆಳಗೆ ಬೆಳಕು ಸೋರುವುದು ಅದರಿಂದ ಕಡಿಮೆಯಾಗುತ್ತದೆ.

ಹೊಸಕುಂಚ
ಇದೆ! ಒಂದು ಬೆಚ್ಚನೆಯ ಬಿಳಿ ಎಲ್ಇಡಿ. 12 ವೋಲ್ಟ್ ಅಡಾಪ್ಟರ್.

ಗೆದ್ದಲು
1 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಎಲ್ಇಡಿ ಸುಮಾರು 3 ವೋಲ್ಟ್ ತಿನ್ನುತ್ತದೆ, ಮಿಕ್ಕ 9ಕ್ಕೆ 9 ಮಿಲಿ ಆಂಪಿಯರ್. ಉಗ್ರಾಣಕ್ಕೆ ಅಷ್ಟು ಬೆಳಕು ಧಾರಾಳ, ಕಣ್ಣು ಕುಕ್ಕಿದರೆ 2.2 ಕಿಲೋ ಓಮ್ ಮಾಡಿ. ತಂತಿ ನೆಲದ ತೂತಿನಿಂದ ಕೆಳಗೆ ಹೋಗಲಿ, ಮಾಡು ಮಾತ್ರ ಅಂಟಿಸಬೇಡಿ. ರೆಸಿಸ್ಟರ್ ಕಡೆ ಏನಾದರೂ ಕಿತ್ತರೆ ಕೈ ಹಾಕಲು ಜಾಗ ಬೇಕು.

ಬಣ್ಣದಡಬ್ಬಿ
ಆ ಒಳಗಿನ ಕಪ್ಪೇ ನಿಮ್ಮ ಬಾಗಿದ ಗೋಡೆಯ ಹಿಂಬದಿ ಕೋಟ್ ಆಗಲಿ ನೋಡಿ. ಅದೇ ನೀರಿನ ಅಕ್ರಿಲಿಕ್, ಎರಡು ಕೋಟ್. ಒಂದೇ ಕೆಲಸಕ್ಕೆ ಎರಡು ಲಾಭ.

ತುಂಟಬೆರಳು
ಮಾಡಿನ ಹಂಚಿನ ಪಟ್ಟಿಗಳು ಕಾಗದದ್ದು, ಸ್ಟಿಕರ್ ತರದ್ದು. ಮೇಲಿಂದ ಅಂಟಿಸಿಕೊಂಡು ಬರೋದಾ, ಕೆಳಗಿಂದಾ?

ಸಣ್ಣಮನೆ87
ಅಯ್ಯೋ, ಕೆಳಗಿನಿಂದ ಮಾರಾಯ್ರೆ, ಸೂರಿನ ಅಂಚಿನಿಂದ. ಮಳೆನೀರು ಮೇಲಿನ ಹಂಚಿನಿಂದ ಕೆಳಗಿನ ಹಂಚಿನ ಮೇಲೆ ಬೀಳಬೇಕಲ್ಲ. ಮೊದಲ ಸಾಲು ಸೂರಿನಿಂದ ಅರ್ಧ ಮಿ.ಮೀ. ಹೊರಗೆ ಚಾಚಲಿ. ಎರಡನೇ ಸಾಲಿನ ಸೀಳು ಮೊದಲ ಸಾಲಿನ ಹಂಚಿನ ನಡುವೆ ಬರುವಂತೆ ಅರ್ಧ ಹಂಚು ಸರಿಸಿ. ಮಾಡಿನ ಹಲಗೆ ಮೇಲೆ ಮೊದಲೇ ಪೆನ್ಸಿಲ್ ಗೆರೆ ಎಳೆದಿಡಿ, ಕಣ್ಣಂದಾಜಿನಲ್ಲಿ ಹೋದರೆ ಆರನೇ ಸಾಲಿಗೆ ಓರೆಯಾಗಿರುತ್ತದೆ, ಹತ್ತನೇ ಸಾಲಿನವರೆಗೂ ಗೊತ್ತಾಗುವುದಿಲ್ಲ.

ಮಾಡಿನ ಹಲಗೆಯ ಒಳಮುಖಕ್ಕೂ ಬಣ್ಣ. ಮೇಲೆ ಕಾಗದ, ಕೆಳಗೆ ಬರಿಮರ ಇದ್ದರೆ ಅದೂ ಡೊಂಕಾಗುತ್ತದೆ.

ಬಣ್ಣದಡಬ್ಬಿ
ಹಂಚಿಗೆ ಕಡುಕೆಂಪು ಹಚ್ಚಬೇಡಿ ಅಂತ ಒಂದು ವಿನಂತಿ. ಸಣ್ಣ ಅಳತೆಯಲ್ಲಿ ಬಣ್ಣ ನಿಜಕ್ಕಿಂತ ಗಾಢವಾಗಿ ಕಾಣುತ್ತದೆ. ಸ್ವಲ್ಪ ಬೂದು ಬೆರೆಸಿ ತಿಳಿ ಮಾಡಿ. ಒಣಗಿದ ಮೇಲೆ ತಿಳಿ ಕಂದು ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ, ಒರೆಸಿ, ಬಣ್ಣ ಬರುವುದೇ ನಿಂತಿತು ಅನ್ನಿಸಿದ ಮೇಲೆ ಮಾಡಿನ ಇಳಿಜಾರಿಗೆ ಮೇಲಿಂದ ಕೆಳಕ್ಕೆ ಸವರಿ. ಪ್ರತಿ ಹಂಚಿನ ತುದಿ ಮಾತ್ರ ಬೆಳಗುತ್ತದೆ.

ಹೊಸಕುಂಚ
ವರದಿ: ದೊಡ್ಡ ಗೋಡೆಯ ಹಿಂಬದಿಗೆ ಕಪ್ಪು ಎರಡು ಕೋಟ್, ಮರದ ಹಲಗೆ, ಹೀರುವ ಕಾಗದ, ಒಂದು ರಾತ್ರಿ. 3 ಮಿ.ಮೀ. ತಗ್ಗು ಈಗ ಅರ್ಧ ಮಿ.ಮೀ.ಗೆ ಇಳಿದಿದೆ. ಮೊದಲ ಐದು ನಿಮಿಷ ನಿಜಕ್ಕೂ ಬಾಳೆಕಾಯಿಯ ಹಾಗೆ ಬಾಗಿತ್ತು, @ಮೂಲೆಮಟ್ಟ ಸರ್ ಹೇಳಿರದಿದ್ದರೆ ಒರೆಸಿಬಿಡುತ್ತಿದ್ದೆ. ಆದರೆ ಅಂಟಿನ ಪಟ್ಟಿಗೆ ಟೇಪ್ ಹಾಕುವುದು ಮರೆತೆ. ಈಗ?

ಅಂಟುಪುರಾಣ
ಚಾಕುವಿನ ಅಲಗನ್ನು ಲಂಬವಾಗಿ ಹಿಡಿದು ಪಟ್ಟಿಯುದ್ದಕ್ಕೂ ಕೆರೆಯಿರಿ, ಕತ್ತರಿಸುವ ಹಾಗಲ್ಲ, ತುರಿಯುವ ಹಾಗೆ. ಪೂರ್ತಿ ಹೋಗಬೇಕಿಲ್ಲ, ಮುಕ್ಕಾಲು ಭಾಗ ಮರ ಕಂಡರೆ ಸಾಕು.

ಮೂಲೆಮಟ್ಟ
ಅರ್ಧ ಮಿ.ಮೀ. ಬಿಡಿ, ಲಂಬ ಕಡ್ಡಿ ಅದನ್ನು ಎಳೆದುಕೊಳ್ಳುತ್ತದೆ. ಮಿಕ್ಕ ಮೂರಕ್ಕೆ ಟೇಪ್ ಮರೆಯಬೇಡಿ.

ಅವಸರದಾಚಾರಿ
ಮೂರನೆಯದಕ್ಕೆ ಸೂಪರ್ ಗ್ಲೂ ಹಾಕಿ ನೋಡಿ, ನನಗೋಸ್ಕರ.

ಅಂಟುಪುರಾಣ
ಬೇಡ.